ಆನೆಗೆ ಕಂದಕ ತೋಡಿದೆವು, ಜಿಂಕೆಗೆ?

ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆ ಕಡೆ ಕಾಡುಪ್ರಾಣಿಗಳ ಕಾಟದ ಮಾತು ಬಂದರೆ ಮೊದಲು ಆನೆ, ಆಮೇಲೆ ಹುಲಿ, ಚಿರತೆ, ಅವುಗಳ ಹಿಂದೆ ಕಾಡುಹಂದಿ. ಜಿಂಕೆಯ ಸರದಿ ಬರುವಷ್ಟರಲ್ಲಿ ಸಭೆ ಮುಗಿದಿರುತ್ತದೆ. ಆನೆ ಒಂದೇ ರಾತ್ರಿಯಲ್ಲಿ ಬಾಳೆ ತೋಟ ನೆಲಸಮ ಮಾಡುತ್ತದೆ, ಬೆಳಿಗ್ಗೆ ಊರೇ ಸೇರುತ್ತದೆ, ಪತ್ರಿಕೆಯಲ್ಲಿ ಫೋಟೊ ಬರುತ್ತದೆ. ಜಿಂಕೆ ಹಿಂಡು ಹಾಗೆ ಮಾಡುವುದಿಲ್ಲ. ಕತ್ತಲಾದ ಮೇಲೆ ಬಂದು, ಮನೆ ಹಿಂದಿನ ಅವರೆ ಚಪ್ಪರದ ಕುಡಿ, ಆಗತಾನೇ ಎದ್ದ ದಂಟಿನ ಸೊಪ್ಪು, ದಾಸವಾಳದ ಮೊಗ್ಗು, ರಾಗಿ ಪೈರಿನ ತುದಿ ಇಷ್ಟನ್ನು ಮೇದು, ಬೆಳಕು ಹರಿಯುವ ಮೊದಲು ಕಾಡು ಸೇರುತ್ತದೆ. ನಾಳೆ ಮತ್ತೆ ಬರುತ್ತದೆ. ತಿಂಗಳು ಕಳೆದ ಮೇಲೆ ಲೆಕ್ಕ ಹಾಕಿದರೆ ಆ ಹಿತ್ತಲಿನಿಂದ ಒಂದು ಹೊತ್ತಿನ ಸಾರಿಗೂ ಸೊಪ್ಪು ಸಿಕ್ಕಿರುವುದಿಲ್ಲ.

ಈ ನಷ್ಟವನ್ನು ನಾವು ಸಣ್ಣದೆಂದು ತಳ್ಳಿಹಾಕುತ್ತಾ ಬಂದಿದ್ದೇವೆ. ಹಿತ್ತಲು ಹೆಂಗಸರ ಕೈಯಲ್ಲಿರುವ ಜಾಗ. ಅಲ್ಲಿ ಬೆಳೆದದ್ದು ಮಾರುಕಟ್ಟೆಗೆ ಹೋಗುವುದಿಲ್ಲ, ಆದ್ದರಿಂದ ಯಾವ ಲೆಕ್ಕಕ್ಕೂ ಸಿಗುವುದಿಲ್ಲ. ಆದರೆ ಮಕ್ಕಳ ತಟ್ಟೆಯಲ್ಲಿ ಸೊಪ್ಪು, ಕಾಳು, ಪರಂಗಿ, ನುಗ್ಗೆ ಇರುವುದೋ ಇಲ್ಲವೋ ಎಂಬುದು ಈ ಹತ್ತಿಪ್ಪತ್ತು ಅಡಿ ನೆಲದ ಮೇಲೆ ನಿಂತಿದೆ. ಈ ಸೀಮೆಯಲ್ಲಿ ಜಿಂಕೆಯಿಂದ ಹಿತ್ತಲು, ಕೈತೋಟ, ಕಾಡಂಚಿನ ಹೊಲ ಉಳಿಸಿಕೊಳ್ಳಲು ಜನ ಏನೇನು ಮಾಡಿದ್ದಾರೆ, ಅದರಲ್ಲಿ ಯಾವುದು ನಿಲ್ಲುತ್ತದೆ, ಯಾವುದು ಜೀವಕ್ಕೇ ಕುತ್ತು ತರುತ್ತದೆ ಎಂಬುದನ್ನು ಒಂದು ಕಡೆ ಇಟ್ಟು ನೋಡುವ ಕೆಲಸ ಆಗಬೇಕಿದೆ.

ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆ, ಕೃಷ್ಣರಾಜನಗರ ಈ ನಾಲ್ಕು ತಾಲ್ಲೂಕುಗಳ ಪಾಡು ಒಂದೇ ಅಲ್ಲ. ಕೃಷ್ಣರಾಜನಗರ ಕಾವೇರಿ ನಾಲೆಗಳ ಭತ್ತದ ಸೀಮೆ. ಅಲ್ಲಿ ಜಿಂಕೆಗಿಂತ ಕಬ್ಬಿನ ಗದ್ದೆ ಸೇರಿಕೊಳ್ಳುವ ಚಿರತೆಯ ಮಾತೇ ಹೆಚ್ಚು. ಉಳಿದ ಮೂರು ನಾಗರಹೊಳೆ ಕಾಡಿನ ಬಗಲಿನಲ್ಲೇ ಇವೆ. ಹುಣಸೂರಿನಲ್ಲಿ ವೀರನಹೊಸಹಳ್ಳಿ ಕಡೆ, ಪಿರಿಯಾಪಟ್ಟಣದಲ್ಲಿ ಆನೆಚೌಕೂರು ಕಡೆ, ಹೆಗ್ಗಡದೇವನಕೋಟೆಯಲ್ಲಿ ಮೇಟಿಕುಪ್ಪೆ, ಅಂತರಸಂತೆ, ಡಿ.ಬಿ. ಕುಪ್ಪೆ ಉದ್ದಕ್ಕೂ ಕಾಡು ಮತ್ತು ಹೊಲದ ನಡುವೆ ಇರುವುದು ಒಂದು ಕಂದಕ, ಕೆಲವೆಡೆ ಬರೀ ಒಂದು ರಸ್ತೆ. ಈಗ ಪ್ರತ್ಯೇಕ ತಾಲ್ಲೂಕಾಗಿರುವ ಸರಗೂರನ್ನೂ ಇದರ ಜೊತೆ ಸೇರಿಸಬೇಕು. ಇನ್ನೊಂದು ಜಾಗವನ್ನು ಜನ ಮರೆಯುತ್ತಾರೆ. ಹುಣಸೂರು ತಾಲ್ಲೂಕಿನಲ್ಲೇ, ನಾಗರಹೊಳೆಯಿಂದ ದೂರ, ಅರಬಿತಿಟ್ಟು ಎಂಬ ಪುಟ್ಟ ವನ್ಯಧಾಮವಿದೆ. 1985ರಲ್ಲಿ ಘೋಷಣೆಯಾದ ಅದರ ವಿಸ್ತೀರ್ಣ 13.5 ಚದರ ಕಿಲೋಮೀಟರು. ಕುರುಚಲು ಕಾಡು, ನೀಲಗಿರಿ ನೆಡುತೋಪು. ನೀಲಗಿರಿ ಅಡಿಯಲ್ಲಿ ಹುಲ್ಲು ಚೆನ್ನಾಗಿ ಬರುವುದಿಲ್ಲ. ಇಷ್ಟು ಸಣ್ಣ ಕಾಡಿನ ಸುತ್ತ ನಾಲ್ಕೂ ದಿಕ್ಕಿಗೆ ಹೊಲವೇ ಇದ್ದರೆ ಅಲ್ಲಿನ ಜಿಂಕೆ ಮೇವು ಹುಡುಕಿಕೊಂಡು ಎಲ್ಲಿಗೆ ಹೋಗಬೇಕು?

ಜಿಂಕೆ ಇಷ್ಟೊಂದು ಇರುವುದು ಕಾಕತಾಳೀಯವಲ್ಲ. ನಾಗರಹೊಳೆ 1955ರಲ್ಲಿ ವನ್ಯಧಾಮವಾಯಿತು, 1988ರಲ್ಲಿ ರಾಷ್ಟ್ರೀಯ ಉದ್ಯಾನ, 2007ರಲ್ಲಿ ಹುಲಿ ಸಂರಕ್ಷಿತ ಪ್ರದೇಶ. ಉದ್ಯಾನದ ವಿಸ್ತೀರ್ಣ ಸುಮಾರು 643 ಚದರ ಕಿಲೋಮೀಟರು. 1970 ಮತ್ತು 80ರ ದಶಕಗಳಲ್ಲಿ ಬಂದೂಕು ಹಿಡಿದು ಬರುವ ಕಳ್ಳಬೇಟೆಗಾರರನ್ನು ಎದುರು ಹಾಕಿಕೊಂಡು ವಲಯ ಅರಣ್ಯಾಧಿಕಾರಿ ಕೆ.ಎಂ. ಚಿಣ್ಣಪ್ಪ ಮತ್ತು ಅವರ ಸಿಬ್ಬಂದಿ ಮಾಡಿದ ಕಾವಲಿನ ಫಲ ಜಿಂಕೆಯ ಈ ಹೆಚ್ಚಳ. ವನ್ಯಜೀವಿ ವಿಜ್ಞಾನಿ ಕೆ. ಉಲ್ಲಾಸ ಕಾರಂತರು ಅಲ್ಲಿ ನಡೆಸಿದ ಗಣತಿಯ ಲೆಕ್ಕ 1992ರಲ್ಲಿ ಪ್ರಕಟವಾದಾಗ, ಒಂದು ಚದರ ಕಿಲೋಮೀಟರಿಗೆ ಸುಮಾರು 50 ಚುಕ್ಕೆ ಜಿಂಕೆಗಳಿದ್ದವು. ಏಷ್ಯಾದಲ್ಲೇ ಗೊರಸಿನ ಪ್ರಾಣಿಗಳು ಇಷ್ಟು ದಟ್ಟವಾಗಿರುವ ಕಾಡುಗಳು ಕಡಿಮೆ. ಒಂದು ಹುಲಿಗೆ ವರ್ಷಕ್ಕೆ ಜಿಂಕೆ ಗಾತ್ರದ ಸುಮಾರು 50 ಪ್ರಾಣಿ ಬೇಕು. 2022ರ ಅಂದಾಜಿನಲ್ಲಿ ನಾಗರಹೊಳೆಯಲ್ಲಿ 141 ಹುಲಿಗಳಿದ್ದವು. ಅಷ್ಟೂ ಹುಲಿ, ಅವುಗಳ ಜೊತೆ ಚಿರತೆ, ಸೀಳುನಾಯಿ ಬದುಕಿರುವುದಕ್ಕೆ ಈ ಜಿಂಕೆಯೂ ಆಧಾರ. ಆದ್ದರಿಂದ ‘ಜಿಂಕೆ ಜಾಸ್ತಿಯಾಗಿದೆ, ಕಡಿಮೆ ಮಾಡಿ’ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಕಾಡಿನೊಳಗೆ ಜಿಂಕೆ ಕಡಿಮೆಯಾದರೆ ಹುಲಿ ಕೊಟ್ಟಿಗೆಯ ಕಡೆ ನೋಡುತ್ತದೆ. ಅದರ ಬೆಲೆ ತೆರುವವರೂ ಕಾಡಂಚಿನವರೇ.

ಹಾಗಾದರೆ ಒಳಗೆ ಮೇವಿದ್ದೂ ಜಿಂಕೆ ಹೊರಗೆ ಬರುವುದೇಕೆ? ಚುಕ್ಕೆ ಜಿಂಕೆ ದಟ್ಟ ಕಾಡಿನ ಪ್ರಾಣಿಯಲ್ಲ. ಅದಕ್ಕೆ ಬೇಕಾದದ್ದು ಹುಲ್ಲು, ನೀರು, ಹತ್ತಿರದಲ್ಲೇ ಮರೆ. ಕಾಡು ಮುಗಿದು ಬಯಲು ಶುರುವಾಗುವ ಗಡಿಯೇ ಅದರ ಇಷ್ಟದ ಜಾಗ. ನಾವು ಆ ಗಡಿಯಲ್ಲೇ ರಾಗಿ, ಹುರುಳಿ, ಅವರೆ, ಅಲಸಂದೆ ಹಾಕಿದ್ದೇವೆ. ಇದರ ಮೇಲೆ ಲಂಟಾನ ಎಂಬ ಕಳೆ. ನಾಗರಹೊಳೆ, ಬಂಡೀಪುರಗಳಲ್ಲಿ ಹುಲ್ಲು ಬೆಳೆಯುತ್ತಿದ್ದ ಎಷ್ಟೋ ನೆಲವನ್ನು ಲಂಟಾನ ಮುಚ್ಚಿಹಾಕಿದೆ. ಜಿಂಕೆ ಅದರ ನೆರಳಿನಲ್ಲಿ ಮಲಗಬಹುದು, ಅದನ್ನು ಮೇಯಲಾರದು. ಬೇಸಿಗೆ ಬಂತೆಂದರೆ ಕಾಡಿನ ಹುಲ್ಲು ಒಣಗಿ ನಾರಾಗುತ್ತದೆ. ಕಬಿನಿ ಹಿನ್ನೀರು ಇಳಿಯುವ ಕಡೆ ಹೊಸ ಹುಲ್ಲು ಚಿಗುರುವುದರಿಂದ ಅಲ್ಲಿ ಹಿಂಡು ಹಿಂಡಾಗಿ ಜಿಂಕೆ, ಆನೆ ಸೇರುತ್ತವೆ. 1974ರಲ್ಲಿ ಅಣೆಕಟ್ಟು ಮುಗಿದ ಮೇಲೆ ಹುಟ್ಟಿದ ಮೇವಿನ ಬಯಲು ಅದು. ಆದರೆ ಹುಣಸೂರು, ಪಿರಿಯಾಪಟ್ಟಣದ ಅಂಚಿಗೆ ಅಂಥ ಹಿನ್ನೀರಿಲ್ಲ. ಫೆಬ್ರವರಿಯಿಂದ ಮೊದಲ ಮಳೆಯವರೆಗೆ ಅಲ್ಲಿ ಹಸಿರಾಗಿ ಕಾಣುವುದು ಕೊಳವೆಬಾವಿ ಇರುವ ತೋಟ ಮತ್ತು ಪಾತ್ರೆ ತೊಳೆದ ನೀರು ಹರಿಯುವ ಹಿತ್ತಲು. ಜಿಂಕೆ ಬರುವುದು ಅಲ್ಲಿಗೆ.

ಹಿತ್ತಲಿಗೆ ಬಂದದ್ದು ಜಿಂಕೆಯೇ ಎಂದು ಮೊದಲು ಖಾತ್ರಿ ಮಾಡಿಕೊಳ್ಳಬೇಕು. ಮೊಲಕ್ಕೆ ಹಾಕಿದ ಬೇಲಿ ಜಿಂಕೆಗೆ ಸಾಲದು, ಜಿಂಕೆಗೆ ಹಾಕಿದ್ದು ಹಂದಿಗೆ ಸಾಲದು. ಬೆಳಿಗ್ಗೆ ಗಿಡದ ಮುಂದೆ ಕೂತು ತುದಿಯನ್ನು ನೋಡಿ. ಜಿಂಕೆಗೆ ಮೇಲ್ದವಡೆಯ ಮುಂಭಾಗದಲ್ಲಿ ಬಾಚಿಹಲ್ಲಿಲ್ಲ. ಅದು ಎಲೆಯನ್ನು ಕತ್ತರಿಸುವುದಿಲ್ಲ, ಕೆಳಹಲ್ಲಿಗೂ ಮೇಲಿನ ಗಟ್ಟಿ ವಸಡಿಗೂ ನಡುವೆ ಹಿಡಿದು ಎಳೆದು ಹರಿಯುತ್ತದೆ. ಹಾಗಾಗಿ ಕಾಂಡದ ತುದಿ ನಾರು ನಾರಾಗಿ, ಸೀಳಿದ ಹಾಗಿರುತ್ತದೆ. ಮೊಲ ತಿಂದದ್ದಾದರೆ ಕತ್ತರಿ ಹಾಕಿದಂತೆ ಓರೆಯಾಗಿ, ನುಣ್ಣಗೆ ತುಂಡಾಗಿರುತ್ತದೆ, ಅದೂ ನೆಲದಿಂದ ಒಂದಡಿಯೊಳಗೆ. ಹಂದಿ ಬಂದಿದ್ದರೆ ತುದಿಯ ತಂಟೆಗೇ ಹೋಗಿರುವುದಿಲ್ಲ, ಬುಡವನ್ನೇ ಕೊರೆದು ಮಣ್ಣು ಮಗುಚಿರುತ್ತದೆ. ಜಿಂಕೆಯ ಗೊರಸು ಒದ್ದೆ ಮಣ್ಣಿನಲ್ಲಿ ಎರಡು ಚೂಪು ಸೀಳಾಗಿ ಮೂಡುತ್ತದೆ, ಪಕ್ಕದಲ್ಲಿ ಕಪ್ಪನೆ ಹಿಕ್ಕೆ ಬಿದ್ದಿರುತ್ತದೆ. ಸೀಬೆ, ಮಾವಿನ ಎಳೆ ಸಸಿಯ ತೊಗಟೆ ಮೊಣಕಾಲೆತ್ತರದಿಂದ ಸೊಂಟದೆತ್ತರದವರೆಗೆ ಉದ್ದಕ್ಕೆ ಸುಲಿದಿದ್ದರೆ ಅದು ಹಸಿವಿನ ಕೆಲಸವಲ್ಲ. ಗಂಡು ಜಿಂಕೆ ಹೊಸ ಕೊಂಬಿನ ಮೇಲಿನ ಮೆದು ತೊಗಲನ್ನು ಉದುರಿಸಲು ಸಸಿಗೆ ಉಜ್ಜಿದೆ. ತೊಗಟೆ ಸುತ್ತಲೂ ಕಳಚಿದರೆ ಸಸಿ ಉಳಿಯುವುದಿಲ್ಲ. ಎಲೆ ಮೇದದ್ದು ಮತ್ತೆ ಚಿಗುರೀತು, ತೊಗಟೆ ಹೋದದ್ದು ಹೋದಂತೆ. ಇನ್ನು ಎತ್ತರ. ಜಿಂಕೆ ಹಿಂಗಾಲ ಮೇಲೆ ನಿಂತು ಕೊಂಬೆಗೆ ಬಾಯಿ ಹಾಕಬಲ್ಲದು, ಆದ್ದರಿಂದ ಚಪ್ಪರ ನಾಲ್ಕಡಿ ಎತ್ತರದಲ್ಲಿದೆ ಎಂದು ನಿಶ್ಚಿಂತೆಯಿಂದ ಇರಬೇಡಿ. ಕಡವೆಯಾದರೆ ಇನ್ನೂರು ಕಿಲೋ ಮೀರುವ ಪ್ರಾಣಿ, ಒಂಟಿಯಾಗಿಯೋ ಸಣ್ಣ ಗುಂಪಿನಲ್ಲೋ ನಡುರಾತ್ರಿ ಬರುತ್ತದೆ, ಅದರ ಬಾಯಿ ಇನ್ನೂ ಮೇಲಕ್ಕೆ ಎಟುಕುತ್ತದೆ.

ಈಗ ಸರ್ಕಾರ ಹಾಕಿದ ತಡೆಗಳ ವಿಷಯ. ನಾಗರಹೊಳೆಯ ಗಡಿಯಲ್ಲಿ ಕಂದಕ ತೋಡಿದ್ದಾರೆ, ಸೋಲಾರ್ ಬೇಲಿ ಎಳೆದಿದ್ದಾರೆ, ಹಳೆಯ ರೈಲ್ವೆ ಹಳಿಗಳನ್ನು ನಿಲ್ಲಿಸಿ ಅಡ್ಡ ಜೋಡಿಸಿದ ತಡೆಗೋಡೆ ಕಟ್ಟಿದ್ದಾರೆ, ಇತ್ತೀಚೆಗೆ ಕಂಬದಿಂದ ತಂತಿ ಇಳಿಬಿಟ್ಟ ತೂಗು ಸೋಲಾರ್ ಬೇಲಿಯೂ ಬಂದಿದೆ. ಎಲ್ಲವೂ ಆನೆಗಾಗಿ. ಆನೆಯ ಮೈಕಟ್ಟು, ಆನೆಯ ಎತ್ತರ, ಆನೆಯ ಬಲ ನೋಡಿ ಅಳತೆ ಮಾಡಿದ್ದು. ಹಳಿ ಬೇಲಿಯ ಎರಡು ಅಡ್ಡಹಳಿಗಳ ನಡುವೆ ಜಿಂಕೆ ತಲೆ ತಗ್ಗಿಸಿ ದಾಟುತ್ತದೆ. ತೂಗು ಬೇಲಿಯ ತಂತಿಯ ತುದಿ ಅದರ ಬೆನ್ನಿಗೂ ತಾಗುವುದಿಲ್ಲ. ಮೂರು ಮೀಟರ್ ಆಳದ ಕಂದಕ ಹೊಸದಾಗಿದ್ದಾಗ ಸ್ವಲ್ಪ ತಡೆಯಬಹುದು. ಒಂದೆರಡು ಮಳೆಗಾಲ ಕಳೆದು ದಂಡೆ ಕುಸಿದರೆ, ಅಥವಾ ಹಳ್ಳ ಹಾಯುವ ಕಡೆ, ಬಂಡೆ ಸಿಕ್ಕಿ ತೋಡದೆ ಬಿಟ್ಟ ಕಡೆ, ರಸ್ತೆ ದಾಟುವ ಕಡೆ ಅದಕ್ಕೆ ದಾರಿ ಇದ್ದೇ ಇದೆ. ಆನೆ ತಡೆ ಬೇಡವೆಂದು ನಾನು ಹೇಳುತ್ತಿಲ್ಲ. ಆನೆಯಿಂದ ಸಾಯುವವರು ಮನುಷ್ಯರು, ಅದು ಮೊದಲು ಆಗಲೇಬೇಕು. ಆದರೆ ಗಡಿಗೆ ಬೇಲಿ ಹಾಕಿದೆವು, ಇನ್ನು ಬೆಳೆ ಹಾನಿ ನಿಂತಿತು ಎಂದು ಅಧಿಕಾರಿಗಳು ಹೇಳಿದಾಗ ಕಾಡಂಚಿನ ಹೆಣ್ಣುಮಕ್ಕಳು ನಂಬದಿರುವುದಕ್ಕೆ ಕಾರಣವಿದೆ. ಕಾಡಿನ ಗಡಿಯುದ್ದಕ್ಕೂ ಜಿಂಕೆಯನ್ನು ತಡೆಯುವ ಬೇಲಿ ಕಟ್ಟುವುದು ಆಗುವ ಕೆಲಸವೂ ಅಲ್ಲ, ಆಗಬೇಕಾದ ಕೆಲಸವೂ ಅಲ್ಲ. ಜಿಂಕೆಯ ಬೇಲಿ ಹೊಲದ ಹತ್ತಿರ, ಹಿತ್ತಲಿನ ಹತ್ತಿರ ಇರಬೇಕು.

ಜನ ತಾವೇ ಕಂಡುಕೊಂಡ ಉಪಾಯಗಳು ಬಹಳ. ಹಳೆಯ ಸೀರೆಗಳನ್ನು ಒಂದಕ್ಕೊಂದು ಗಂಟು ಹಾಕಿ ಹೊಲದ ಸುತ್ತ ಕಟ್ಟುವುದು ಎಲ್ಲೆಡೆ ಕಾಣುತ್ತದೆ. ಬಣ್ಣದಿಂದ ಜಿಂಕೆ ಹೆದರುತ್ತದೆ ಎಂದು ಕೆಂಪು ಸೀರೆಯನ್ನೇ ಹುಡುಕುವವರಿದ್ದಾರೆ. ಜಿಂಕೆಯ ಕಣ್ಣಿಗೆ ಕೆಂಪು ಬೇರೆಯಾಗಿ ಕಾಣುವುದಿಲ್ಲ, ಅದು ಚೆನ್ನಾಗಿ ಗುರುತಿಸುವುದು ನೀಲಿಯನ್ನು. ಸೀರೆ ಕೆಲಸ ಮಾಡುವುದು ಆಚೆ ಏನಿದೆ ಎಂದು ಕಾಣದಂತೆ ಮರೆ ಮಾಡುವುದರಿಂದ, ಗಾಳಿಗೆ ಅಲುಗುವುದರಿಂದ, ಮನುಷ್ಯರ ವಾಸನೆ ಇರುವುದರಿಂದ. ಮಳೆಗೆ ವಾಸನೆ ಹೋದ ಮೇಲೆ, ಜಿಂಕೆಗೆ ರೂಢಿಯಾದ ಮೇಲೆ ಅದೇ ಸೀರೆಯ ಅಡಿಯಿಂದ ನುಸುಳುತ್ತದೆ. ಕ್ಷೌರದಂಗಡಿಯ ಕೂದಲು ಚೆಲ್ಲುವುದು, ಕೊಳೆತ ಮೊಟ್ಟೆಯ ನೀರು ಸಿಂಪಡಿಸುವುದು, ಬೇವು-ಬೆಳ್ಳುಳ್ಳಿಯ ಕಷಾಯ, ಬಾಟಲಿ ತೂಗುಹಾಕುವುದು, ಮಿನುಗುವ ಟೇಪು, ಬ್ಯಾಟರಿಯಿಂದ ಮಿಟುಕುವ ದೀಪ, ಇವೆಲ್ಲದರ ಹಣೆಬರಹ ಒಂದೇ. ಮೊದಲ ಕೆಲವು ದಿನ ಫಲ, ಆಮೇಲೆ ರೂಢಿ. ಇವುಗಳಲ್ಲಿ ಮೊಟ್ಟೆಯ ನೀರು ಹೆಚ್ಚು ದಿನ ತಡೆಯುತ್ತದೆ, ಆದರೆ ಮಳೆ ಬಂದ ಮರುದಿನವೇ ಮತ್ತೆ ಹೊಡೆಯಬೇಕು, ತಿನ್ನುವ ಸೊಪ್ಪಿನ ಮೇಲೆ ಹೊಡೆಯುವಂತಿಲ್ಲ. ಪೈರು ಎಳೆಯದಾಗಿರುವ ಎರಡು ಮೂರು ವಾರ ದಾಟಿಸಲು, ಬಗೆ ಬಗೆಯ ಉಪಾಯಗಳನ್ನು ಬದಲಿಸುತ್ತಾ ಹೋದರೆ, ಇವು ಸಾಕು. ವರ್ಷವಿಡೀ ಹಿತ್ತಲು ಕಾಯಲು ಸಾಲವು.

ಅಟ್ಟಣೆ ಕಟ್ಟಿ ರಾತ್ರಿ ಕಾಯುವುದು ಹಳೆಯ ಕ್ರಮ. ತಮಟೆ, ಡಬ್ಬದ ಸದ್ದು, ಬೆಂಕಿ, ಒಂದು ನಾಯಿ. ಜಿಂಕೆಗೆ ಇದಕ್ಕಿಂತ ಗಟ್ಟಿ ಮದ್ದು ಇನ್ನೊಂದಿಲ್ಲ, ಇದಕ್ಕಿಂತ ದುಬಾರಿಯೂ ಇನ್ನೊಂದಿಲ್ಲ. ಹಗಲು ದುಡಿದವರು ರಾತ್ರಿ ನಿದ್ದೆ ಬಿಡಬೇಕು. ಮೇಲಾಗಿ ಜಿಂಕೆ ಹಿಂಡು ಬಂದ ದಾರಿಯಲ್ಲೇ ಚಿರತೆ ಬರುತ್ತದೆ, ಹುಲಿಯೂ ಬರಬಹುದು. 2025ರ ಅಕ್ಟೋಬರ್, ನವೆಂಬರ್‌ನಲ್ಲಿ ಸರಗೂರು ಕಡೆ ಹುಲಿ ದಾಳಿಗೆ ರೈತರು ಬಲಿಯಾದ ಮೇಲೆ ನಾಗರಹೊಳೆ, ಬಂಡೀಪುರಗಳಲ್ಲಿ ಸಫಾರಿಯನ್ನೇ ನಿಲ್ಲಿಸಬೇಕಾಯಿತು. ಅಂಥ ಊರುಗಳಲ್ಲಿ ಅವರೆಕಾಯಿ ಉಳಿಸಲು ಒಬ್ಬ ಮನುಷ್ಯ ಕತ್ತಲಲ್ಲಿ ಬದುವಿನ ಮೇಲೆ ಕೂರಬೇಕು ಎನ್ನುವುದು ನ್ಯಾಯವಲ್ಲ.

ಇನ್ನು ಮಾಡಲೇಬಾರದ್ದು. ಮನೆಯ ಕರೆಂಟನ್ನು ನೇರ ತಂತಿಗೆ ಕೊಡುವುದು ಅಪರಾಧ, ಅದಕ್ಕಿಂತ ಹೆಚ್ಚಾಗಿ ಕೊಲೆಗೆ ಸಮ. ಸೋಲಾರ್ ಬೇಲಿಯಲ್ಲಿ ಬ್ಯಾಟರಿಯಿಂದ ಹೊರಡುವ ಹೊಡೆತ ಸೆಕೆಂಡಿನ ಸಣ್ಣದೊಂದು ಪಾಲು ಇದ್ದು ನಿಲ್ಲುತ್ತದೆ, ಮುಟ್ಟಿದವರು ಬೆಚ್ಚಿ ಹಿಂದೆ ಸರಿಯುತ್ತಾರೆ. ಮನೆಯ ಕರೆಂಟು ಬಿಡುವುದಿಲ್ಲ. ಅದಕ್ಕೆ ಆನೆಗಳು ಸತ್ತಿವೆ, ಮುಂಜಾನೆ ಬಯಲಿಗೆ ಹೋದವರು ಸತ್ತಿದ್ದಾರೆ, ಬೇಲಿ ಹಾಕಿದವನೇ ಮರೆತು ಮುಟ್ಟಿ ಸತ್ತದ್ದೂ ಇದೆ. ಹಂದಿಗೆಂದು, ಜಿಂಕೆಗೆಂದು ಕಟ್ಟಿದ ಉರುಳಿಗೆ ಹುಲಿ, ಚಿರತೆ ಸಿಕ್ಕಿಬೀಳುತ್ತವೆ. ಸಿಡಿಮದ್ದಿನ ಉಂಡೆಗೆ ದನದ ದವಡೆ ಹೋಗುತ್ತದೆ. ಫೋರೇಟ್ ಹರಳನ್ನು ಬಟ್ಟೆಯಲ್ಲಿ ಕಟ್ಟಿ ಬೇಲಿಗೆ ತೂಗುಹಾಕುವ ಅಭ್ಯಾಸ ಕೆಲವು ಕಡೆ ಉಳಿದಿದೆ. ಘೋರ ವಿಷ ಅದು, 2020ರ ಕೊನೆಯಿಂದ ದೇಶದಲ್ಲಿ ನಿಷೇಧಗೊಂಡಿದೆ. ಮಕ್ಕಳಾಡುವ ಹಿತ್ತಲಿನ ಹತ್ತಿರ ಅದನ್ನು ಇಡುವುದನ್ನು ನೆನೆದರೇ ಮೈ ಜುಮ್ಮೆನ್ನುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಜಿಂಕೆಯನ್ನು ಕೊಲ್ಲುವುದು, ಹಿಡಿಯುವುದು ಶಿಕ್ಷೆಗೆ ಗುರಿಯಾಗುವ ಅಪರಾಧ. ಬೆಳೆ ತಿಂದಿತು ಎಂಬ ಕಾರಣಕ್ಕೆ ತಾವೇ ಕೊಲ್ಲಲು ವಿನಾಯಿತಿ ಸಿಗುವುದಿಲ್ಲ.

ಹಾಗಾದರೆ ನಿಲ್ಲುವುದು ಯಾವುದು? ಬೇಲಿ, ಅದೂ ಜಿಂಕೆಯ ಸ್ವಭಾವ ತಿಳಿದು ಹಾಕಿದ ಬೇಲಿ. ಚುಕ್ಕೆ ಜಿಂಕೆ ಐದಡಿ ಎತ್ತರವನ್ನು ಸಲೀಸಾಗಿ ಜಿಗಿಯುತ್ತದೆ. ದೊಡ್ಡ ಜಾಗಕ್ಕಾದರೆ ಏಳೆಂಟು ಅಡಿ ಎತ್ತರದ ಜಾಲರಿಯೇ ಬೇಕು. ಆದರೆ ಅದು ಜಿಗಿಯುವ ಮೊದಲು ನುಸುಳಲು ನೋಡುತ್ತದೆ. ಆದ್ದರಿಂದ ಮೇಲಿನ ತಂತಿಗಿಂತ ಕೆಳಗಿನ ಅಂಚು ಮುಖ್ಯ. ಜಾಲರಿಯ ಕೆಳತುದಿಯನ್ನು ನೆಲಕ್ಕೆ ಬಿಗಿದು, ಹೊರಗಡೆಗೆ ಒಂದಡಿ ಮಡಚಿ, ಮೇಲೆ ಕಲ್ಲು ಹೇರಬೇಕು. ಗೇಟಿನ ಕೆಳಗಿನ ಸಂದಿಯನ್ನು ಎಲ್ಲರೂ ಮರೆಯುತ್ತಾರೆ, ಜಿಂಕೆ ಮರೆಯುವುದಿಲ್ಲ.

ಹಿತ್ತಲಿಗೆ ಅಷ್ಟು ಎತ್ತರ ಬೇಕಿಲ್ಲ ಎಂಬುದು ಹೆಚ್ಚಿನವರಿಗೆ ಗೊತ್ತಿಲ್ಲದ ಸಂಗತಿ. ಇಳಿಯಲು, ತಿರುಗಲು, ಮತ್ತೆ ಓಡಿ ಜಿಗಿಯಲು ಜಾಗವಿಲ್ಲದ ಇಕ್ಕಟ್ಟಿನೊಳಕ್ಕೆ ಜಿಂಕೆ ಹಾರುವುದಿಲ್ಲ. ಸಿಕ್ಕಿಬೀಳುವ ಭಯ ಅದಕ್ಕೆ ಹಸಿವಿಗಿಂತ ದೊಡ್ಡದು. ಹಾಗಾಗಿ ಇಡೀ ನಿವೇಶನಕ್ಕೆ ಬೇಲಿ ಹಾಕುವ ಬದಲು, ಹತ್ತಡಿ ಅಗಲದ ಸೊಪ್ಪಿನ ಮಡಿಗೆ ಐದಡಿ ಎತ್ತರದ ಜಾಲರಿ ಸುತ್ತಿ, ಒಳಗೆ ನಡುನಡುವೆ ಚಪ್ಪರದ ಕಂಬ ನೆಟ್ಟರೆ ಅದು ಕಡಿಮೆ ಖರ್ಚಿನಲ್ಲಿ ನಿಲ್ಲುತ್ತದೆ. ಇನ್ನೊಂದು ದಾರಿ ಜೋಡಿ ಬೇಲಿ. ನಾಲ್ಕಡಿ ಎತ್ತರದ ಎರಡು ಬೇಲಿಗಳನ್ನು ನಾಲ್ಕೈದು ಅಡಿ ಅಂತರದಲ್ಲಿ ಹಾಕಿದರೆ, ಎರಡನ್ನೂ ಒಂದೇ ನೆಗೆತಕ್ಕೆ ದಾಟಲಾರದೆ, ನಡುವೆ ಇಳಿಯಲು ಧೈರ್ಯ ಸಾಲದೆ ಜಿಂಕೆ ಹಿಂದೆ ಹೋಗುತ್ತದೆ. ಕಾಡಂಚಿನಲ್ಲಿ ಹೊರಗಿನ ಸಾಲಿಗೆ ಕತ್ತಾಳೆ, ಕಳ್ಳಿ ಅಥವಾ ಸೀಗೆಯ ಜೀವಂತ ಬೇಲಿ ಬೆಳೆಸಿ, ಒಳಸಾಲಿಗೆ ತಂತಿ ಎಳೆದರೆ ವರ್ಷ ಕಳೆದಂತೆ ಗಟ್ಟಿಯಾಗುವ ಬೇಲಿ ಅದು. ಹಿಂದೆ ಹೊಲದ ಸುತ್ತ ಇಂಥ ಮುಳ್ಳುಬೇಲಿಗಳಿದ್ದವು. ಬದು ಕಿರಿದಾಗಿಸಿ ಒಂದೊಂದು ಗುಂಟೆಯನ್ನೂ ಉಳುಮೆಗೆ ಸೇರಿಸಿಕೊಂಡಾಗ ಅವನ್ನು ಕಿತ್ತೆವು.

ನೈಲಾನ್ ಬಲೆಯ ಬಗ್ಗೆ ಎಚ್ಚರಿಕೆ. ಅಗ್ಗವೆಂದು ಹಳೆಯ ಮೀನುಬಲೆ ಕಟ್ಟುತ್ತಾರೆ. ಸಡಿಲವಾಗಿ ಬಿಟ್ಟರೆ ಅದರಲ್ಲಿ ಕೇರೆಹಾವು ಸಿಕ್ಕಿ ಸಾಯುತ್ತದೆ. ಇಲಿ ತಿನ್ನುವ ಆ ಹಾವು ಸತ್ತರೆ ನಷ್ಟ ನಮಗೇ. ಗಂಡು ಜಿಂಕೆಯ ಕೊಂಬು ಸಿಕ್ಕಿಕೊಂಡರೆ ಅದು ಒದ್ದಾಡಿ ಸಾಯುತ್ತದೆ. ಬಲೆಯೇ ಗತಿಯಾದರೆ ಬಿಗಿಯಾಗಿ ಎಳೆದು ಕಟ್ಟಿ, ಅಲ್ಲಲ್ಲಿ ಬಿಳಿ ಬಟ್ಟೆಯ ಪಟ್ಟಿ ತೂಗುಬಿಟ್ಟು ಕಣ್ಣಿಗೆ ಬೀಳುವಂತೆ ಮಾಡಬೇಕು. ಜಿಂಕೆ ಹಿತ್ತಲೊಳಗೆ ಸಿಕ್ಕಿಕೊಂಡರೆ ಅಟ್ಟಾಡಿಸಬಾರದು, ಹಗ್ಗ ಹಾಕಬಾರದು. ಬೆದರಿ ಓಡಿದ ಜಿಂಕೆ ಗಾಯವೇ ಇಲ್ಲದೆ, ಸ್ನಾಯು ಸೋತು, ಎದೆಯೊಡೆದು ಸಾಯಬಲ್ಲದು. ನಾಯಿಗಳನ್ನು ಕಟ್ಟಿ, ಗೇಟು ತೆರೆದಿಟ್ಟು, ದೀಪ ಆರಿಸಿ ದೂರ ನಿಂತರೆ ಅದೇ ಹೋಗುತ್ತದೆ. ಹೋಗದಿದ್ದರೆ ಅರಣ್ಯ ಸಹಾಯವಾಣಿ 1926ಕ್ಕೆ ಕರೆ ಮಾಡಬೇಕು.

ಬೆಳೆಯ ಆಯ್ಕೆಯಿಂದಲೂ ಸ್ವಲ್ಪ ಅನುಕೂಲವಿದೆ. ಮೆಣಸಿನಗಿಡ, ಅರಿಸಿನ, ಶುಂಠಿ, ನಿಂಬೆಹುಲ್ಲು, ಹರಳುಗಳನ್ನು ಜಿಂಕೆ ಕಡಿಮೆ ಮುಟ್ಟುತ್ತದೆ. ಗುಲಾಬಿ, ದಾಸವಾಳ, ಅವರೆ, ಅಲಸಂದೆ, ಗೆಣಸಿನ ಬಳ್ಳಿ ಅದಕ್ಕೆ ಬಲು ಇಷ್ಟ. ಇಷ್ಟದ್ದನ್ನು ಗೋಡೆಯ ಪಕ್ಕ, ಬಚ್ಚಲ ಹತ್ತಿರ ಹಾಕಿ, ಬೇಡದ್ದನ್ನು ಹೊರಸುತ್ತಿಗೆ ಹಾಕಬಹುದು. ಬರಗಾಲದಲ್ಲಿ ಜಿಂಕೆ ಯಾವುದನ್ನೂ ಬಿಡುವುದಿಲ್ಲ ಎಂಬುದನ್ನೂ ಹೇಳಬೇಕು.

ಇಲ್ಲಿ ಹೊಗೆಸೊಪ್ಪಿನ ಮಾತು ತಪ್ಪಿಸುವಂತಿಲ್ಲ. ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆಗಳು ವರ್ಜೀನಿಯಾ ತಂಬಾಕಿನ ಸೀಮೆ. ಹರಾಜು ಕಟ್ಟೆಗಳಿರುವುದು ಇಲ್ಲಿ, ತಂಬಾಕು ಸಂಶೋಧನಾ ಕೇಂದ್ರವಿರುವುದು ಹುಣಸೂರಿನಲ್ಲಿ. ತಂಬಾಕಿಗೆ ಬೆಲೆಯಿದೆ, ಖಚಿತ ಮಾರುಕಟ್ಟೆಯಿದೆ, ಜೊತೆಗೆ ಜಿಂಕೆ ಅದನ್ನು ತಿನ್ನುವುದಿಲ್ಲ. ತಂಬಾಕು ಬಿಟ್ಟು ಕಾಳು, ರಾಗಿ, ತರಕಾರಿ ಬೆಳೆಯಿರಿ ಎಂದು ಹೇಳುವವರು ಕಾಡಂಚಿನಲ್ಲಿ ಹುರುಳಿ ಬಿತ್ತಿದವನ ಹೊಲವನ್ನು ಒಮ್ಮೆ ನೋಡಬೇಕು. ಬೇರಾವುದನ್ನು ಬೆಳೆದರೂ ಪ್ರಾಣಿಗಳ ಪಾಲಾಗುವ ಕಡೆ ಪರ್ಯಾಯ ಬೆಳೆಯ ಉಪದೇಶ ನಡೆಯುವುದಿಲ್ಲ. ಬೇಲಿಗೆ ನೆರವು ಕೊಡುವುದು ತಂಬಾಕು ಕಡಿಮೆ ಮಾಡುವ ಕೆಲಸದ ಭಾಗವೇ ಆಗಬೇಕು.

ಆದಿವಾಸಿ ಹಾಡಿಗಳ ಸ್ಥಿತಿ ಇನ್ನೂ ಬಿಗಿ. ನಾಗರಹೊಳೆಯೊಳಗಿಂದ ಹೊರಬಂದ ಜೇನುಕುರುಬ ಮತ್ತಿತರ ಕುಟುಂಬಗಳಿಗೆ ಹುಣಸೂರು ತಾಲ್ಲೂಕಿನ ನಾಗಾಪುರದಲ್ಲಿ ಮನೆ, ಜಮೀನು ಕೊಟ್ಟು ಎರಡೂವರೆ ದಶಕ ದಾಟಿತು. ಕಾಡಿನೊಳಗೆ ಗೆಡ್ಡೆ, ಜೇನು, ಸೊಪ್ಪು ತಂದು ಬದುಕಿದವರಿಗೆ ಕಾಡಿನ ಅಂಚಿನಲ್ಲೇ ಬೇಸಾಯ ಮಾಡಿ ಎಂದೆವು. ಕೊಟ್ಟ ನೆಲಕ್ಕೆ ಕಾಡಿನ ಎಲ್ಲ ಪ್ರಾಣಿಗಳೂ ಮೊದಲ ನೆರೆಯವು. ಹಿತ್ತಲಿಗೆ ಬೇಲಿ ಹಾಕುವ ಶಕ್ತಿ ಅವರಿಗೆ ಎಲ್ಲರಿಗಿಂತ ಕಡಿಮೆ, ಹಿತ್ತಲಿನ ಸೊಪ್ಪಿನ ಅಗತ್ಯ ಎಲ್ಲರಿಗಿಂತ ಹೆಚ್ಚು.

ಪರಿಹಾರಕ್ಕೆ ಅರ್ಜಿ ಹಾಕಬಹುದಲ್ಲ ಎನ್ನುತ್ತಾರೆ. ಅರಣ್ಯ ಇಲಾಖೆಯ ಇ-ಪರಿಹಾರ ವ್ಯವಸ್ಥೆ ಬಂದ ಮೇಲೆ ಅಲೆದಾಟ ಕಡಿಮೆಯಾಗಿದೆ. ವನ್ಯಜೀವಿ ಅಧ್ಯಯನ ಕೇಂದ್ರದ ‘ವೈಲ್ಡ್ ಸೇವೆ’ ಎಂಬ ಕಾರ್ಯಕ್ರಮ 2015ರಿಂದ ಬಂಡೀಪುರ, ನಾಗರಹೊಳೆ ಸುತ್ತಲಿನ ಹಳ್ಳಿಗಳಲ್ಲಿ ಉಚಿತ ಕರೆ ಸಂಖ್ಯೆಯೊಂದನ್ನು ಇಟ್ಟುಕೊಂಡು, ಕರೆ ಬಂದ ಹೊಲಕ್ಕೇ ಹೋಗಿ, ಫೋಟೊ ತೆಗೆದು, ಅರ್ಜಿ ಬರೆದು ಕೊಡುತ್ತಿದೆ. ಓದು ಬರಹ ಬಾರದವರಿಗೆ ಇದು ನಿಜವಾದ ಆಸರೆ. ಆದರೆ ಪರಿಹಾರದ ಲೆಕ್ಕ ಪಹಣಿಯಲ್ಲಿ, ಹೊಲದ ಬೆಳೆಯಲ್ಲಿ. ಅರ್ಧ ಗುಂಟೆ ಸೊಪ್ಪಿನ ಮಡಿಯನ್ನು ದಿನಕ್ಕಿಷ್ಟು ಮೇದದ್ದಕ್ಕೆ ಆ ನಮೂನೆಯಲ್ಲಿ ಜಾಗವಿಲ್ಲ. ನಷ್ಟವಾದ ಮೇಲೆ ಹಣ ಕೊಡುವುದಕ್ಕಿಂತ ನಷ್ಟವಾಗದಂತೆ ಬೇಲಿಗೆ ಹಣ ಕೊಡುವುದು ಹಿತ್ತಲಿನ ಮಟ್ಟಿಗೆ ಎಲ್ಲ ರೀತಿಯಲ್ಲೂ ಮೇಲು. ಸೋಲಾರ್ ಬೇಲಿಗೆ ಇಲಾಖೆಯ ಸಹಾಯಧನ ಇದ್ದೇ ಇದೆ. ಅದನ್ನೇ ಜಾಲರಿ ಬೇಲಿಗೆ, ನೆರೆಯ ಹತ್ತು ಮನೆಗಳು ಸೇರಿ ಹಾಕುವ ಬೇಲಿಗೆ ವಿಸ್ತರಿಸಲು ಅಡ್ಡಿಯೇನು?

ಜಿಂಕೆಯ ತಂಟೆ ನಮ್ಮೊಬ್ಬರದಲ್ಲ. ಗದಗ, ಕೊಪ್ಪಳ, ಹಾವೇರಿಯ ಕಪ್ಪುಮಣ್ಣಿನ ಬಯಲಿನಲ್ಲಿ ಕೃಷ್ಣಮೃಗದ ಹಿಂಡು ಕಡಲೆ, ಹೆಸರು, ಶೇಂಗಾ ಮೇಯುತ್ತದೆ. 1974ರಲ್ಲಿ ಆದ ರಾಣೆಬೆನ್ನೂರು ವನ್ಯಧಾಮದ ಹೊರಗೂ ಅವು ಹರಡಿವೆ, ಅಲ್ಲಿ ಅವುಗಳಿಗೆ ಕಾಡೇ ಇಲ್ಲ, ಹೊಲವೇ ಮನೆ. ನಮ್ಮ ಇದೇ ಚುಕ್ಕೆ ಜಿಂಕೆಯನ್ನು 1868ರಲ್ಲಿ ಹವಾಯಿಯ ರಾಜನಿಗೆ ಉಡುಗೊರೆಯಾಗಿ ಕಳಿಸಿದರು. 1886ರಲ್ಲಿ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನಲ್ಲಿ ಬಿಟ್ಟರು, 1932ರಲ್ಲಿ ಅಮೆರಿಕದ ಟೆಕ್ಸಸ್‌ಗೆ ಒಯ್ದರು. ಹುಲಿ, ಚಿರತೆ, ಸೀಳುನಾಯಿ ಇಲ್ಲದ ಆ ನೆಲಗಳಲ್ಲಿ ಅದು ಹುಲ್ಲುಗಾವಲು, ತೋಟಗಳನ್ನು ಬೋಳು ಮಾಡುವ ಪಿಡುಗಾಗಿದೆ. ಹವಾಯಿಯ ಮಾವಿ ದ್ವೀಪದಲ್ಲಿ ಅದನ್ನು ಗುಂಡಿಟ್ಟು ಕೊಲ್ಲಲು ಸರ್ಕಾರವೇ ಹಣ ಖರ್ಚು ಮಾಡುತ್ತಿದೆ. ಅಮೆರಿಕದ ನ್ಯೂಜೆರ್ಸಿಯಲ್ಲಿ ಮನೆ ಹಿಂದೆ ಹೀರೆ, ಮೆಂತ್ಯ, ಬೂದುಗುಂಬಳ ಬೆಳೆಯುವ ಕನ್ನಡದ ಮನೆಗಳವರಿಗೆ ಬಿಳಿಬಾಲದ ಜಿಂಕೆಯ ಪರಿಚಯ ಚೆನ್ನಾಗಿಯೇ ಇದೆ. ಅಲ್ಲಿನ ತೋಟಗಾರಿಕೆ ಸಲಹೆಗಾರರೂ ಕೊನೆಗೆ ಹೇಳುವುದು ಎಂಟಡಿ ಬೇಲಿಯನ್ನೇ. ಆ ದೇಶಗಳಿಗೂ ನಮಗೂ ಒಂದು ದೊಡ್ಡ ವ್ಯತ್ಯಾಸವಿದೆ. ನಮ್ಮ ಕಾಡಿನಲ್ಲಿ ಜಿಂಕೆಯ ಲೆಕ್ಕ ನೋಡಿಕೊಳ್ಳುವ ಪ್ರಾಣಿಗಳು ಇನ್ನೂ ಇವೆ. ನಾವು ನೋಡಿಕೊಳ್ಳಬೇಕಾದದ್ದು ನಮ್ಮ ಹಿತ್ತಲನ್ನು ಮಾತ್ರ.

ಆದ್ದರಿಂದ ಗ್ರಾಮ ಪಂಚಾಯಿತಿಗಳಿಗೆ, ತೋಟಗಾರಿಕೆ ಮತ್ತು ಅರಣ್ಯ ಇಲಾಖೆಗಳಿಗೆ ನನ್ನ ಕೋರಿಕೆ ಇಷ್ಟು. ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆ, ಸರಗೂರು ತಾಲ್ಲೂಕುಗಳ ಕಾಡಂಚಿನ ಪ್ರತಿ ಹಳ್ಳಿ, ಪ್ರತಿ ಹಾಡಿಯಲ್ಲಿ ಜಿಂಕೆಯಿಂದ ಹಿತ್ತಲು ಕೈಬಿಟ್ಟ ಮನೆಗಳೆಷ್ಟು ಎಂದು ಒಮ್ಮೆ ಮನೆಮನೆಗೆ ಹೋಗಿ ಕೇಳಿ ಬರೆದುಕೊಳ್ಳಿ. ಕೇಳುವಾಗ ಮನೆಯ ಯಜಮಾನನನ್ನಲ್ಲ, ಸೊಪ್ಪು ಬಿತ್ತುವ ಹೆಂಗಸನ್ನು ಕೇಳಿ. ಪಹಣಿ ಇರಲಿ ಬಿಡಲಿ, ಒಂದು ಮನೆಗೆ ಹತ್ತಡಿಗೆ ಇಪ್ಪತ್ತಡಿ ಮಡಿ ಸುತ್ತುವಷ್ಟು ಜಾಲರಿ ಮತ್ತು ಕಂಬ ಕೊಡಿ, ಹಾಡಿಗಳಿಂದ ಶುರು ಮಾಡಿ. ಮುಂದಿನ ಮುಂಗಾರಿಗೆ ಅವರೆ ಬಿತ್ತುವ ಮೊದಲು ಅದು ಅವರ ಕೈಸೇರಬೇಕು.